ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡರೆ ಅಕ್ಕನ ಮಕ್ಕಳು ನಮ್ಮಲ್ಲೇ ಉಳಿಯುತ್ತಾರೆಯೇ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ಅಕ್ಕನನ್ನು ಗಂಗಾವತಿ ಕಡೆ ಕೊಟ್ಟಿದ್ದೆವು. ಕಾಯಿಲೆಯಾಗಿ ತೀರಿಕೊಂಡು ವರ್ಷವಾಯಿತು. ಮಗಳಿಗೆ 13 ವರ್ಷ, ಎಂಟನೇ ತರಗತಿ, ಮಗನಿಗೆ 7. ಭಾವ ದಿನಾ ಕುಡಿಯುತ್ತಾರೆ, ಮಕ್ಕಳನ್ನು ಹೊಡೆಯುತ್ತಾರೆ. ಐದು ತಿಂಗಳ ಹಿಂದೆ ಹುಡುಗಿಯ ಕೈ ಮೇಲೆ ಬೆಲ್ಟಿನ ಬಾಸುಂಡೆ ನೋಡಿ ಇಬ್ಬರನ್ನೂ ನಮ್ಮ ಮನೆಗೆ ಕರೆತಂದೆವು. ಆಗ 100 ರೂಪಾಯಿ ಬಾಂಡ್ ಪೇಪರಿನ ಮೇಲೆ ‘ಮಕ್ಕಳನ್ನು ನಾದಿನಿಗೆ ಒಪ್ಪಿಸಿದ್ದೇನೆ’ ಎಂದು ಬರೆದು ನೋಟರಿ ಮುಂದೆ ಸಹಿ ಹಾಕಿಕೊಟ್ಟರು. ಈಗ ಮಕ್ಕಳನ್ನು ಕಳಿಸಿ, ಹುಡುಗಿಯನ್ನು ತನ್ನ ಸ್ವಂತ ಅಕ್ಕನ ಮಗನಿಗೆ ಮದುವೆ ಮಾಡಿಕೊಡುತ್ತೇನೆ, ಇಲ್ಲದಿದ್ದರೆ ಅಪಹರಣದ ಕೇಸು ಹಾಕುತ್ತೇನೆ ಎನ್ನುತ್ತಿದ್ದಾರೆ. ನಮ್ಮ ತಂದೆ ಅಕ್ಕನ ಹೆಸರಿಗೆ ಮಾಡಿಕೊಟ್ಟಿದ್ದ ಒಂದೂವರೆ ಎಕರೆ ಕಾಲುವೆ ಗದ್ದೆಯೂ ಇದೆ. ಕಾನೂನು ಪ್ರಕಾರ ಮಕ್ಕಳಿಗೆ ನಾನೇ ಪಾಲಕಿಯಾಗಲು ಏನು ಮಾಡಬೇಕು?

ಉತ್ತರ: ಬಾಂಡ್ ಪೇಪರಿನಿಂದಲೇ ಶುರು ಮಾಡೋಣ. ಅದರಿಂದ ನೀವು ಪಾಲಕಿಯಾಗುವುದಿಲ್ಲ. ತಾಯಿ ಇಲ್ಲದ ಮೇಲೆ ಕಾನೂನಿನ ಕಣ್ಣಲ್ಲಿ ತಂದೆಯೇ ಸಹಜ ಪಾಲಕ. ಆ ಸ್ಥಾನವನ್ನು ಜಮೀನು ಬರೆದುಕೊಟ್ಟಂತೆ ಇನ್ನೊಬ್ಬರಿಗೆ ಬರೆದುಕೊಡಲು ಬರುವುದಿಲ್ಲ. ನೋಟರಿ ಮೊಹರು ಬಿದ್ದರೂ ಅಷ್ಟೇ. ಇವತ್ತು ಒಪ್ಪಿದವರು ನಾಳೆ ‘ಒಪ್ಪಿಗೆ ಹಿಂದಕ್ಕೆ ಪಡೆದೆ’ ಎಂದರೆ ಆ ಕಾಗದ ಮಕ್ಕಳನ್ನು ನಿಮ್ಮಲ್ಲಿ ಹಿಡಿದಿಡುವುದಿಲ್ಲ. ದತ್ತು ಪತ್ರವಾಗಿಯೂ ಅದು ನಡೆಯದು.

ಹಾಗೆಂದು ಹರಿದು ಹಾಕಬೇಡಿ. ಅಪಹರಣದ ಬೆದರಿಕೆಗೆ ಉತ್ತರ ಇರುವುದು ಅದರಲ್ಲೇ. ಕಾನೂನುಬದ್ಧ ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಒಯ್ದರೆ ಅದು ಅಪಹರಣ. ಇಲ್ಲಿ ತಂದೆಯೇ ತಮ್ಮ ಕೈಯಾರೆ ಒಪ್ಪಿಸಿದ್ದಾರೆ ಎನ್ನುವುದಕ್ಕೆ ಸಹಿ ಇದೆ. ಮೂಲ ಪ್ರತಿಯನ್ನು ಜೋಪಾನ ಮಾಡಿ, ಎರಡು ಜೆರಾಕ್ಸ್ ತೆಗೆಸಿಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಸಹಿ ನಂದಲ್ಲ ಎಂಬ ತಕರಾರು ಬಂದರೆ ಪ್ಲಾಸ್ಟಿಕ್ಕಿನೊಳಗಿನ ಕಾಗದವನ್ನು ಪರೀಕ್ಷೆ ಮಾಡುವುದು ಕಷ್ಟ.

ಇಂಥ ಸಂದರ್ಭದಲ್ಲಿ ಮನೆಯವರು ಮಾಡುವ ದೊಡ್ಡ ತಪ್ಪು ಒಂದಿದೆ. ತಂದೆ ಬರುತ್ತಾರೆಂದು ಗೊತ್ತಾದ ಕೂಡಲೇ ಹುಡುಗಿಯನ್ನು ಒಂದು ಊರಿಗೆ, ಹುಡುಗನನ್ನು ಇನ್ನೊಂದು ಊರಿಗೆ ಕಳಿಸಿ ಬಚ್ಚಿಡುತ್ತಾರೆ. ಮುಂದೆ ನ್ಯಾಯಾಧೀಶರ ಎದುರು ಅದೇ ಅವರಿಗೆ ಮುಳುವಾಗುತ್ತದೆ: ಶಾಲೆ ತಪ್ಪಿರುತ್ತದೆ, ಮಕ್ಕಳು ಎಲ್ಲಿ ವಾಸವಿದ್ದರು ಎನ್ನುವುದಕ್ಕೆ ಪುರಾವೆ ಇರುವುದಿಲ್ಲ, ತಪ್ಪು ಮಾಡಿದವರಂತೆ ಓಡಾಡಿದ್ದು ನೀವೇ ಎಂದಾಗುತ್ತದೆ. ಮಕ್ಕಳನ್ನು ಒಂದೇ ಮನೆಯಲ್ಲಿ, ಒಂದೇ ಶಾಲೆಯಲ್ಲಿ ಇಡಿ. ವಿಷಯವನ್ನು ನೀವೇ ಮೊದಲು ಸರ್ಕಾರದ ದಾಖಲೆಗೆ ತನ್ನಿ.

ಅದಕ್ಕೆ ಎರಡು ಬಾಗಿಲುಗಳಿವೆ, ಎರಡೂ ಬೇರೆ ಬೇರೆ. ಮಗುವಿಗೆ ಇವತ್ತಿನ ರಕ್ಷಣೆ ಕೊಡುವುದು ರಾಯಚೂರಿನ ಮಕ್ಕಳ ಕಲ್ಯಾಣ ಸಮಿತಿ. ಪಾಲಕತ್ವ ಕೊಡುವುದು ನ್ಯಾಯಾಲಯ. ಸಮಿತಿಯ ಆದೇಶ ಕೈಗೆ ಬಂದ ಮೇಲೆ ಎಲ್ಲ ಮುಗಿಯಿತು ಎಂದು ಸುಮ್ಮನಾಗುವವರೂ ಇದ್ದಾರೆ, ಸಮಿತಿಯನ್ನು ಬಿಟ್ಟು ನೇರ ಕೋರ್ಟಿಗೆ ಹೋಗಿ ತಿಂಗಳುಗಟ್ಟಲೆ ಕಾಯುವವರೂ ಇದ್ದಾರೆ. ನಿಮ್ಮ ವಿಷಯದಲ್ಲಿ ಮೊದಲು ಸಮಿತಿ, ಅದೂ ಈ ವಾರವೇ. ಅದರ ಬೆನ್ನಿಗೇ ನ್ಯಾಯಾಲಯ.

ಮಕ್ಕಳ ಕಲ್ಯಾಣ ಸಮಿತಿ ಎಂದರೆ 2015ರ ಬಾಲನ್ಯಾಯ ಕಾಯ್ದೆಯಡಿ ಪ್ರತಿ ಜಿಲ್ಲೆಗೂ ಇರುವ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಪೀಠ. ತಿಂಗಳಿಗೆ ಕನಿಷ್ಠ 20 ದಿನ ಸಭೆ ಸೇರಬೇಕು. ಸಭೆ ಇಲ್ಲದ ದಿನ ಒಬ್ಬ ಸದಸ್ಯರ ಮುಂದೆಯೂ ಮಗುವನ್ನು ಹಾಜರುಪಡಿಸಬಹುದು. ಜೊತೆಯಲ್ಲಿರುವವರೇ ಹೊಡೆದು ಹಿಂಸಿಸುತ್ತಿರುವ ಮಗು, ನೋಡಿಕೊಳ್ಳಲು ತಂದೆತಾಯಿ ಅಸಮರ್ಥರಾದ ಮಗು, ವಯಸ್ಸಿಗೆ ಮುಂಚೆ ಮದುವೆಯಾಗುವ ಅಪಾಯದಲ್ಲಿರುವ ಮಗು, ಇವರೆಲ್ಲ ‘ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಕ್ಕಳು’. ನಿಮ್ಮ ಅಕ್ಕನ ಮಗಳಿಗೆ ಮೂರೂ ಅನ್ವಯಿಸುತ್ತವೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ವಿಷಯ ದಾಖಲಿಸಿ, ಇಲ್ಲವೇ ರಾಯಚೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಅವರೇ ಸಮಿತಿಯ ಮುಂದೆ ಕರೆದೊಯ್ಯುತ್ತಾರೆ. ಭಾವ ಕುಡಿದು ರಾತ್ರಿ ಹೊತ್ತು ಬಾಗಿಲಿಗೆ ಬಂದರೆ 112. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಒಬ್ಬರನ್ನು ಗೊತ್ತು ಮಾಡಿರಬೇಕು; ಅವರು ಯಾರೆಂದು ಕೇಳಿ ಹೆಸರು ಬರೆದಿಟ್ಟುಕೊಳ್ಳಿ.

ಸಮಿತಿಗೆ ಕೊಡುವ ಅರ್ಜಿ ಕನ್ನಡದಲ್ಲೇ ಇರಲಿ, ಎರಡು ಪುಟ ಮೀರದಿರಲಿ. ಬರೆಯುವ ರೀತಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅರ್ಧಕ್ಕರ್ಧ ಅರ್ಜಿಗಳು ಸೊರಗುವುದು ಇಲ್ಲೇ. ‘ಯಾವಾಗಲೂ ಕುಡಿದು ಹೊಡೆಯುತ್ತಾನೆ’ ಎಂಬ ಮಾತಿನಿಂದ ಏನೂ ಸಾಬೀತಾಗದು. ‘ಯುಗಾದಿಯಾದ ಮೂರನೇ ದಿನ ಸಂಜೆ, ಅನ್ನ ಸೀದಿತು ಎಂಬ ಕಾರಣಕ್ಕೆ ಬೆಲ್ಟಿನಿಂದ ಹೊಡೆದರು, ಎಡ ಮುಂಗೈ ಮೇಲೆ ಎರಡು ಬಾಸುಂಡೆ, ಎರಡು ದಿನ ಶಾಲೆಗೆ ಹೋಗಲಿಲ್ಲ’ ಎಂಬ ರೀತಿಯಲ್ಲಿ ಬರೆದರೆ ಸಮಿತಿಗೆ ಹಿಡಿಯಲು ಒಂದು ಎಳೆ ಸಿಗುತ್ತದೆ. ತಾರೀಖು ನೆನಪಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹಬ್ಬ, ಜಾತ್ರೆ, ಕಾಲುವೆಗೆ ನೀರು ಬಿಟ್ಟ ವಾರ, ಭತ್ತ ಕೊಯ್ದ ದಿನ ಇವುಗಳನ್ನು ಹಿಡಿದು ಲೆಕ್ಕ ಹಾಕಿ. ಆಮೇಲೆ ಗಂಗಾವತಿ ಕಡೆಯ ಶಾಲೆಯ ಹಾಜರಿ ಪುಸ್ತಕದ ಜೊತೆ ತಾಳೆ ನೋಡಲು ಕೋರಿ. ಹೊಡೆತ ಬಿದ್ದ ಮರುದಿನ ಮಗು ಗೈರಾಗಿದ್ದರೆ ಆ ಒಂದು ಗುರುತು ಹತ್ತು ಜನ ನೆಂಟರ ಸಾಕ್ಷಿಗಿಂತ ಹೆಚ್ಚು ಗಟ್ಟಿ.

ಅರ್ಜಿಯ ಜೊತೆ ಅಕ್ಕನ ಮರಣ ಪ್ರಮಾಣ ಪತ್ರ, ಮಕ್ಕಳ ಜನನ ಪ್ರಮಾಣ ಪತ್ರ, ಆಧಾರ್, ಈಗ ಓದುತ್ತಿರುವ ಶಾಲೆಯ ವ್ಯಾಸಂಗ ಪ್ರಮಾಣ ಪತ್ರ, ಬಾಸುಂಡೆಯ ಫೋಟೋ, ಆಸ್ಪತ್ರೆಗೆ ತೋರಿಸಿದ್ದರೆ ಆ ಚೀಟಿ, ಬಾಂಡ್ ಪೇಪರಿನ ಜೆರಾಕ್ಸ್ ಇಡಿ. ಇನ್ನೊಂದು ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡೇ ಬನ್ನಿ. ಫೋಟೋಗಳನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ಇಂಥ ಮಗುವಿನ ಗುರುತು ಹೊರಗೆ ಹಾಕುವುದೇ ಅಪರಾಧ. ಆರು ತಿಂಗಳವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ ಇದೆ.

ಅರ್ಜಿಯಲ್ಲಿ ಒಂದು ವಾಕ್ಯ ತಪ್ಪಬಾರದು: ‘ವಿಚಾರಣೆ ಮುಗಿಯುವವರೆಗೆ ಇಬ್ಬರೂ ಮಕ್ಕಳನ್ನು ಒಟ್ಟಿಗೆ ನನ್ನ ಬಳಿ ಇರಿಸಿ, ನನ್ನನ್ನು ಯೋಗ್ಯ ವ್ಯಕ್ತಿ ಎಂದು ಗುರುತಿಸಬೇಕು.’ ಸಮಿತಿ ಮಕ್ಕಳನ್ನು ಸರ್ಕಾರಿ ಬಾಲ ಮಂದಿರಕ್ಕೆ ಕಳಿಸಿದರೆ ಬಾಲಕಿಯರದ್ದು ಬೇರೆ, ಬಾಲಕರದ್ದು ಬೇರೆ. ಅಕ್ಕತಮ್ಮ ಅಗಲಿಬಿಡುತ್ತಾರೆ ಎಂಬ ಭಯದಿಂದಲೇ ಎಷ್ಟೋ ಮನೆಯವರು ಸಮಿತಿಯ ಕಡೆ ತಲೆ ಹಾಕುವುದಿಲ್ಲ. ಆ ಭಯ ಸಹಜವೇ. ಆದರೆ ಸಂಸ್ಥೆಗೆ ಕಳಿಸುವುದು ಕೊನೆಯ ಉಪಾಯವಾಗಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ನೋಡಿಕೊಳ್ಳುವ ನೆಂಟರು ಎದುರಿಗೇ ಇದ್ದು, ಬಾಯಿಬಿಟ್ಟು ಕೇಳಿದರೆ, ಸಮಿತಿಗೆ ಆ ದಾರಿ ಹಿಡಿಯಲು ಆಧಾರ ಸಿಗುತ್ತದೆ. ಕೇಳದೆ ಸುಮ್ಮನೆ ನಿಂತರೆ ಸಿಗುವುದಿಲ್ಲ.

ನಂತರ ಸಮಾಜ ಕಾರ್ಯಕರ್ತರೊಬ್ಬರು ಮನೆಗೆ ಬರುತ್ತಾರೆ. 15 ದಿನದಲ್ಲಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮಗು ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಆಗಬೇಕು, ಅದಕ್ಕೆ ಕನಿಷ್ಠ ಮೂವರು ಸದಸ್ಯರು ಇರಬೇಕು. ಮನೆಗೆ ಬಂದವರು ಹುಡುಗಿ ಎಲ್ಲಿ ಮಲಗುತ್ತಾಳೆ, ಶೌಚಾಲಯ ಇದೆಯೇ, ದುಡಿಮೆ ಯಾರದು, ನಿಮ್ಮ ಮಕ್ಕಳೆಷ್ಟು, ನಿಮ್ಮ ಗಂಡನ ಒಪ್ಪಿಗೆ ಇದೆಯೇ ಎಂದೆಲ್ಲ ಕೇಳುತ್ತಾರೆ. ಮನೆ ಚಿಕ್ಕದಿದ್ದರೆ ಚಿಕ್ಕದೆಂದೇ ಹೇಳಿ. ಬಡತನ ಅಯೋಗ್ಯತೆಯಲ್ಲ. ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುವಾಗ ಬಾಗಿಲಲ್ಲಿ ನಿಂತು ಉತ್ತರ ಎತ್ತಿಕೊಡಬೇಡಿ. ಕಲಿಸಿದ ಮಾತು ಎರಡನೇ ಪ್ರಶ್ನೆಗೇ ಬಯಲಾಗುತ್ತದೆ. ಆಗ ಮಗು ಹೇಳಿದ ನಿಜವೂ ಅನುಮಾನಕ್ಕೆ ಗುರಿಯಾಗುತ್ತದೆ. ಏಳು ವರ್ಷದವನು ‘ಅಪ್ಪ ಬೇಕು’ ಎಂದರೂ ಎನ್ನಲಿ. ಹೊಡೆದ ಅಪ್ಪನನ್ನೂ ಮಗು ನೆನೆಯುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ.

ಲೈಂಗಿಕ ದೌರ್ಜನ್ಯದ ಸುಳಿವೇನಾದರೂ ಸಿಕ್ಕಿದರೆ ದಾರಿ ಬೇರೆ. ನೀವೇ ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಮಗು ಹೇಳಿದಷ್ಟನ್ನು ಅದರ ಮಾತಲ್ಲೇ ಬರೆದಿಟ್ಟು ತಕ್ಷಣ ಪೊಲೀಸರಿಗೆ ತಿಳಿಸಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದು ಅಪರಾಧ.

ಭಾವ ಇರುವುದು ಕೊಪ್ಪಳ ಜಿಲ್ಲೆಯಲ್ಲಾದ್ದರಿಂದ ಅವರ ಮನೆಯ ವರದಿಯನ್ನು ರಾಯಚೂರಿನ ಸಮಿತಿ ಅಲ್ಲಿನ ಘಟಕದಿಂದ ತರಿಸಿಕೊಳ್ಳಬಹುದು. ಅವರನ್ನೂ ಕರೆಸಿ ಕೇಳುತ್ತಾರೆ. ಇದರಿಂದ ತಡವಾದರೆ ಸೋತೆವೆಂದು ಎದೆಗುಂದಬೇಡಿ.

ಮದುವೆಯ ವಿಷಯವನ್ನು ಇದೇ ಅರ್ಜಿಯಲ್ಲಿ ಪ್ರತ್ಯೇಕ ಪ್ಯಾರಾ ಮಾಡಿ ಬರೆಯಿರಿ. ಸೋದರಿಕೆಯ ಸಂಬಂಧ, ‘ಬರೀ ನಿಶ್ಚಯ, ಮದುವೆ ಆಮೇಲೆ’ ಎಂಬ ಮಾತುಗಳಿಗೆ ಮರುಳಾಗಬೇಡಿ. ಕರ್ನಾಟಕದ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ನಡೆದ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ದಿನ ಗೊತ್ತು ಮಾಡಿದ ಸುಳಿವು ಸಿಕ್ಕರೆ ನ್ಯಾಯಾಲಯದಿಂದ ತಡೆಯಾಜ್ಞೆ ತರಬಹುದು. ತಡೆಯಾಜ್ಞೆ ಮೀರಿ ತಾಳಿ ಕಟ್ಟಿದರೂ ಅದು ಮದುವೆಯಲ್ಲ.

ಈಗ ನ್ಯಾಯಾಲಯ. ಅರ್ಜಿ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ. ವಕೀಲರ ಬಾಯಲ್ಲಿ ‘ಜಿ ಅಂಡ್ ಡಬ್ಲ್ಯು’ (ಗಾರ್ಡಿಯನ್ಸ್ ಅಂಡ್ ವಾರ್ಡ್ಸ್) ಕೇಸು. ಮಕ್ಕಳ ಪಾಲಕತ್ವ ಮತ್ತು ವಶದ ವಿಷಯ ಕೌಟುಂಬಿಕ ನ್ಯಾಯಾಲಯಕ್ಕೆ, ಅದು ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತದೆ. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ನಿಮ್ಮ ತಾಯಿಗಿಂತ ನೀವು ಅರ್ಜಿದಾರರಾಗುವುದು ಒಳ್ಳೆಯದು. ಹುಡುಗ 18 ಮುಟ್ಟಲು ಇನ್ನೂ 11 ವರ್ಷ ಇದೆ, ಅಜ್ಜಿಯ ವಯಸ್ಸನ್ನೂ ನ್ಯಾಯಾಧೀಶರು ನೋಡುತ್ತಾರೆ. ಅಜ್ಜಿ ಸಾಕ್ಷಿಯಾಗಲಿ.

ಅರ್ಜಿಯಲ್ಲಿ ಇರಲೇಬೇಕಾದ ವಿವರಗಳನ್ನು ಕಾಯ್ದೆಯ 10ನೇ ಕಲಂ ಹೇಳುತ್ತದೆ: ಮಕ್ಕಳ ಹೆಸರು, ಹುಟ್ಟಿದ ದಿನ, ಧರ್ಮ, ವಾಸ, ಈಗ ಯಾರ ವಶದಲ್ಲಿದ್ದಾರೆ, ಹತ್ತಿರದ ಬಂಧುಗಳು ಯಾರು, ಎಲ್ಲಿದ್ದಾರೆ, ಆಸ್ತಿ ಏನಿದೆ, ಬೆಲೆ ಎಷ್ಟಾಗಬಹುದು, ಹಿಂದೆ ಇಂಥ ಅರ್ಜಿ ಹಾಕಿದ್ದರೇ, ಈಗ ಹಾಕಲು ಕಾರಣವೇನು. ಇದರ ಜೊತೆಗೆ ‘ಪಾಲಕಿಯಾಗಲು ಸಿದ್ಧಳಿದ್ದೇನೆ’ ಎಂಬ ನಿಮ್ಮ ಸಹಿಯ ಘೋಷಣೆ, ಅದರ ಮೇಲೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಇದೊಂದು ಹಾಳೆ ಇಲ್ಲದಿದ್ದರೆ ಅರ್ಜಿ ಕಚೇರಿಯ ಆಕ್ಷೇಪಣೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಭಾವನ ಕಡೆಯ ಬಂಧುಗಳ ಹೆಸರು ಮುಚ್ಚಿಡಬೇಡಿ. ನೋಟಿಸ್ ಅವರಿಗೂ ಹೋಗಬಹುದು, ಬಿಟ್ಟದ್ದು ಹೊರಬಂದರೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ.

ಎದುರು ಪಕ್ಷದ ಮೊದಲ ತಕರಾರು ವ್ಯಾಪ್ತಿಯ ಮೇಲೆ ಬರುತ್ತದೆ. ಮಕ್ಕಳು ‘ಸಾಮಾನ್ಯವಾಗಿ ವಾಸಿಸುವ’ ಜಾಗದ ನ್ಯಾಯಾಲಯಕ್ಕೇ ಅಧಿಕಾರ. ಹುಟ್ಟಿ ಬೆಳೆದದ್ದು ಗಂಗಾವತಿ ಕಡೆ, ಸಿಂಧನೂರಿಗೆ ಬಂದು ಐದೇ ತಿಂಗಳು, ಹಾಗಾಗಿ ಕೇಸು ಕೊಪ್ಪಳ ಜಿಲ್ಲೆಗೆ ಹೋಗಬೇಕು ಎಂದು ಅವರ ವಕೀಲರು ವಾದಿಸುವುದು ಬಹುತೇಕ ಖಚಿತ. ಆ ವಾದ ಗೆದ್ದರೆ ಅರ್ಜಿ ವಾಪಸ್ಸಾಗಿ ಮತ್ತೆ ಮೊದಲಿಂದ ಶುರು. ಅದಕ್ಕೇ ಹೊಸ ಶಾಲೆಯ ದಾಖಲಾತಿ, ಎಸ್‌ಎಟಿಎಸ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ವರ್ಗಾವಣೆ, ಬಾಂಡ್ ಪೇಪರಿನ ತಾರೀಖು, ಸಮಿತಿಯ ಆದೇಶ ಇವು ಮುಖ್ಯ. ತಂದೆಯೇ ಒಪ್ಪಿಸಿದ ಮೇಲೆ ಮಕ್ಕಳು ಇಲ್ಲಿ ನೆಲೆ ನಿಂತರು ಎನ್ನುವುದನ್ನು ಇವೆಲ್ಲ ಸೇರಿ ತೋರಿಸುತ್ತವೆ.

ಕೇಸಿನ ಗಂಟು ಇರುವುದು ಕಾಯ್ದೆಯ 19ನೇ ಕಲಮಿನಲ್ಲಿ. ತಂದೆ ಬದುಕಿದ್ದು, ಅವರು ಅಯೋಗ್ಯರೆಂದು ನ್ಯಾಯಾಲಯಕ್ಕೆ ಅನಿಸದ ಹೊರತು ಬೇರೆಯವರನ್ನು ಪಾಲಕರನ್ನಾಗಿ ನೇಮಿಸಲು ಬರುವುದಿಲ್ಲ. ‘ನಮ್ಮ ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತೇವೆ’ ಎನ್ನುವುದಷ್ಟೇ ಸಾಲದು. 2019ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು: ತಾಯಿ ಕಾಯಿಲೆಯಿಂದ ತೀರಿಕೊಂಡಿದ್ದರು, ಪುಟ್ಟ ಮಗು ತಾಯಿಯ ತಂಗಿಯ ಬಳಿ ಬೆಳೆಯುತ್ತಿತ್ತು. ತಂದೆಯಲ್ಲಿ ಅಯೋಗ್ಯತೆ ಕಾಣದ್ದರಿಂದ ಮಗುವನ್ನು ತಂದೆಗೇ ಕೊಟ್ಟರು. ಆದರೆ 2008ರ ಇನ್ನೊಂದು ತೀರ್ಪಿನಲ್ಲಿ ತಂದೆಯ ಮೇಲೆ ಪತ್ನಿಯ ವರದಕ್ಷಿಣೆ ಸಾವಿನ ಆರೋಪವಿತ್ತು, ಹುಡುಗ ತಾಯಿಯ ತಂದೆತಾಯಿಯ ಬಳಿಯೇ ಇರಲು ಬಯಸಿದ್ದ. ಅಲ್ಲಿ ಅದೇ ನ್ಯಾಯಾಲಯ ಹುಡುಗನನ್ನು ಅಜ್ಜ ಅಜ್ಜಿಯ ಬಳಿ ಉಳಿಸಿತು. ನಿಮ್ಮ ಕೇಸು ಈ ಎರಡರ ನಡುವೆ ಎತ್ತ ವಾಲುತ್ತದೆ ಎನ್ನುವುದು ನೀವು ತರುವ ಸಾಕ್ಷ್ಯದ ಮೇಲೆ ನಿಂತಿದೆ. ಕುಡಿತ ಒಂದೇ ಸಾಲದು. ಕುಡಿತದ ಜೊತೆಗೆ ಹೊಡೆತ, ಶಾಲೆ ಬಿಡಿಸಿದ್ದು, 13ರ ಮಗಳಿಗೆ ಮದುವೆ ಗೊತ್ತು ಮಾಡಿದ್ದು, ಐದು ತಿಂಗಳಲ್ಲಿ ಒಮ್ಮೆಯೂ ಖರ್ಚಿಗೆ ಕೊಡದಿದ್ದುದು ಇವೆಲ್ಲ ಒಂದರ ಮೇಲೊಂದು ಕೂಡಬೇಕು. ಸಾಕ್ಷಿಯೂ ನಿಮ್ಮ ಕಡೆಯವರಿಗಿಂತ ಭಾವನ ಓಣಿಯವರೇ ಆದರೆ, ಹಳೆ ಶಾಲೆಯ ಟೀಚರೋ, ಅಲ್ಲಿನ ಆಶಾ ಕಾರ್ಯಕರ್ತೆಯೋ ಬಂದರೆ ತೂಕ ಹೆಚ್ಚು.

ಬೇಡಿಕೆಯನ್ನು ಎರಡು ಹಂತದಲ್ಲಿ ಇಡಲು ವಕೀಲರಿಗೆ ಹೇಳಿ: ಪಾಲಕಿಯೆಂದು ನೇಮಿಸಬೇಕು, ಅದಾಗದಿದ್ದರೆ ಮಕ್ಕಳ ವಶವನ್ನಾದರೂ ನನಗೇ ಕೊಡಬೇಕು. ತಂದೆಯನ್ನು ಪಾಲಕ ಸ್ಥಾನದಿಂದ ತೆಗೆಯಲು ಹಿಂಜರಿಯುವ ನ್ಯಾಯಾಧೀಶರೂ ಮಕ್ಕಳನ್ನು ನಿಮ್ಮಲ್ಲೇ ಇರಿಸಲು ಒಪ್ಪಬಹುದು. ಅರ್ಜಿ ಹಾಕಿದ ದಿನವೇ 12ನೇ ಕಲಮಿನಡಿ ಮಧ್ಯಂತರ ಆದೇಶ ಕೇಳಿ. ಭಾವ ಗುಳೆ ಹೋಗಿ ನೋಟಿಸ್ ಮುಟ್ಟದಿದ್ದರೆ, ನ್ಯಾಯಾಲಯದ ಅನುಮತಿ ಪಡೆದು ಪತ್ರಿಕೆಯಲ್ಲಿ ಪ್ರಕಟಣೆ ಕೊಡಿಸಬೇಕಾದೀತು. ಅಷ್ಟು ಕಾಲ ಮಧ್ಯಂತರ ಆದೇಶವೇ ನಿಮಗೆ ಆಸರೆ. ಸ್ವಂತ ಬುದ್ಧಿಯಿಂದ ಹೇಳುವಷ್ಟು ಬೆಳೆದ ಮಗುವಿನ ಇಷ್ಟವನ್ನು ನ್ಯಾಯಾಧೀಶರು ಪರಿಗಣಿಸಬಹುದು. 13ರ ಹುಡುಗಿಯನ್ನು ಸಾಮಾನ್ಯವಾಗಿ ತಮ್ಮ ಕೊಠಡಿಗೆ ಕರೆದು ಮಾತಾಡಿಸುತ್ತಾರೆ.

ಊರ ಹಿರಿಯರು ಪಂಚಾಯ್ತಿ ಕೂರಿಸಿ ‘ಹುಡುಗ ಅಪ್ಪನಿಗೆ, ಹುಡುಗಿ ಚಿಗವ್ವನಿಗೆ’ ಎಂದು ಹಂಚಿದರೆ ಒಪ್ಪಬೇಡಿ. ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಉಳಿದಿರುವುದು ಒಬ್ಬರಿಗೊಬ್ಬರು.

ಗದ್ದೆಯ ಲೆಕ್ಕ ಸರಳ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಹೆಣ್ಣುಮಗಳ ಆಸ್ತಿ ಮಕ್ಕಳಿಗೂ ಗಂಡನಿಗೂ ಸಮಪಾಲು. ಒಂದೂವರೆ ಎಕರೆ ಎಂದರೆ 60 ಗುಂಟೆ. ಹುಡುಗಿಗೆ 20, ಹುಡುಗನಿಗೆ 20, ಭಾವನಿಗೆ 20. ನಿಮಗೂ ತಾಯಿಗೂ ಅದರಲ್ಲಿ ಪಾಲಿಲ್ಲ. ಮಕ್ಕಳ 40 ಗುಂಟೆಯನ್ನು ನ್ಯಾಯಾಲಯದ ಅನುಮತಿ ಇಲ್ಲದೆ ಮಾರಲು ತಂದೆಗೂ ಅಧಿಕಾರವಿಲ್ಲ. ಮಾರಿದರೆ, 18 ತುಂಬಿದ ಮೇಲೆ ಮೂರು ವರ್ಷದೊಳಗೆ ಮಕ್ಕಳು ಆ ಕ್ರಯವನ್ನು ರದ್ದು ಮಾಡಿಸಬಹುದು. ಆದರೆ ಅಲ್ಲಿಯವರೆಗೆ ಏಕೆ ಕಾಯಬೇಕು? ಈಗಲೇ ಪಹಣಿ ತೆಗೆಸಿ ನೋಡಿ. ಅಕ್ಕನ ಹೆಸರೇ ಇದ್ದರೆ ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಮೂವರ ಹೆಸರೂ ಸೇರಿಸುವಂತೆ ಅರ್ಜಿ ಕೊಡಿ. ಭಾವ ಒಬ್ಬರೇ ಖಾತೆಗೆ ಹಾಕಿದ್ದರೆ ತಹಶೀಲ್ದಾರರಿಗೆ ಲಿಖಿತ ತಕರಾರು ಸಲ್ಲಿಸಿ. ಆಸ್ತಿಗೂ ನನ್ನನ್ನೇ ಪಾಲಕಿ ಮಾಡಿ ಎಂದು ಮೊದಲೇ ಕೇಳುವುದು ಬೇಡ ಎಂಬುದು ನಮ್ಮ ಸಲಹೆ. ಕೇಳಿದರೆ ‘ಇವರ ಕಣ್ಣು ಗದ್ದೆ ಮೇಲೆ’ ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಮೇಲಾಗಿ ಆಸ್ತಿಯ ಪಾಲಕರು ನ್ಯಾಯಾಲಯಕ್ಕೆ ಲೆಕ್ಕ ಒಪ್ಪಿಸುತ್ತಿರಬೇಕು. ಅಗತ್ಯ ಬಿದ್ದಾಗ ಬೇರೆ ಅರ್ಜಿ ಹಾಕಬಹುದು.

ಶಾಲೆಯ ವಿಷಯದಲ್ಲಿ ತಡ ಬೇಡ. ಹಳೆ ಶಾಲೆಯವರು ತಂದೆ ಬರಲಿ ಎಂದು ಟಿ.ಸಿ. ಹಿಡಿದಿಟ್ಟರೂ, ಎಂಟನೇ ತರಗತಿವರೆಗೆ ಟಿ.ಸಿ. ಬಂದಿಲ್ಲ ಎಂಬ ಕಾರಣಕ್ಕೆ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಖರ್ಚಿಗೆ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಇದೆ: ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಸಮಿತಿಯ ಮುಂದೆ ಹೋದ ದಿನವೇ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೇಳಿ.

ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ. ರಾಯಚೂರಿನ ಕೌಟುಂಬಿಕ ನ್ಯಾಯಾಲಯದ ಆದೇಶಕ್ಕೂ ಗಡುವು 30 ದಿನವೇ, ಹೋಗಬೇಕಾದ್ದು ಹೈಕೋರ್ಟಿನ ಕಲಬುರಗಿ ಪೀಠಕ್ಕೆ. ಕೇಸು ಕೊಪ್ಪಳಕ್ಕೆ ಹೋಗಿದ್ದರೆ ಧಾರವಾಡ ಪೀಠಕ್ಕೆ.

ಆದೇಶ ನಿಮ್ಮ ಪರವಾಗಿ ಬಂದ ಮೇಲೂ ತಂದೆ ಮಕ್ಕಳನ್ನು ನೋಡುವ ಮಾತು ಬರುತ್ತದೆ. ಅದನ್ನು ಅವರು ಕೇಳುವ ಮೊದಲೇ ನೀವು ಸೂಚಿಸಿ: ತಿಂಗಳಿಗೆ ಎರಡು ಭಾನುವಾರ, ಹಗಲು ಹೊತ್ತು, ಕುಡಿಯದೆ ಬರಬೇಕು, ನಿಮ್ಮ ಮನೆಯ ದೊಡ್ಡವರೊಬ್ಬರು ಎದುರಿಗಿರಬೇಕು. ಮಕ್ಕಳನ್ನು ತಂದೆಯಿಂದ ಕಿತ್ತುಕೊಳ್ಳುವುದು ನಿಮ್ಮ ಉದ್ದೇಶವಲ್ಲ ಎಂದು ಇದರಿಂದ ತಿಳಿಯುತ್ತದೆ, ಹುಡುಗನಿಗೂ ಅಪ್ಪನ ಮುಖ ಕಾಣುತ್ತದೆ. ಇನ್ನೊಂದು ನಿರ್ಬಂಧ ನಮ್ಮ ಭಾಗದವರಿಗೆ ಬಹಳ ಬೇಗ ಎದುರಾಗುತ್ತದೆ. ನ್ಯಾಯಾಲಯ ನೇಮಿಸಿದ ಪಾಲಕರು ಅದರ ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಕರೆದೊಯ್ಯುವಂತಿಲ್ಲ. ಸುಗ್ಗಿ ಮುಗಿದ ಮೇಲೆ ನೀವೂ ಬೆಂಗಳೂರಿಗೆ ದುಡಿಯಲು ಹೋಗುವವರಾದರೆ, ಬಸ್ ಹತ್ತುವ ಮುಂಚೆ ವಕೀಲರ ಮೂಲಕ ಅನುಮತಿ ಅರ್ಜಿ ಹಾಕಿ, ಅಲ್ಲಿ ಉಳಿಯುವ ವಿಳಾಸ, ಮಕ್ಕಳು ಸೇರುವ ಶಾಲೆ, ವಾಪಸ್ ಬರುವ ತಿಂಗಳು ಮೂರನ್ನೂ ಅದರಲ್ಲಿ ಬರೆಸಿ.